ಉಪ್ಪಿನ ಕೊಟ್ಟಿಗೆ

ಪುಟದ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ.
ಎಡಕ್ಕೆ ಉಪ್ಪುನೀರು, ಬಲಕ್ಕೆ ಸಿಹಿನೀರು.
ನೊಯೆಲಿಯಾಳ ಹೋಂವರ್ಕು: ಹತ್ತು ಜೀವಿಗಳು,
ಒಂದೊಂದಕ್ಕೂ ಒಂದೇ ಮನೆ.

ಏಡಿ ಬರೆದಳು, ಅಳಿಸಿದಳು.
ಹೊಳೆ ಕಡಲು ಸೇರುವಲ್ಲೂ ಇದೆ, ನಮ್ಮ ಹಿತ್ತಲ ಕೆಸರಲ್ಲೂ ಇದೆ.
ನಕ್ಷತ್ರಮೀನನ್ನು ಧೈರ್ಯವಾಗಿ ಎಡಕ್ಕೆ ಹಾಕಿದಳು,
ಗ್ವಾಪೋತೆಯನ್ನು ಬಲಕ್ಕೆ; ಅದು ಮಧ್ಯಾಹ್ನ ಬಾಣಲೆಯಲ್ಲೇ ಇತ್ತು.
ಆಮೇಲೆ ಪೆನ್ಸಿಲ್ ಕಚ್ಚುತ್ತ ಕೇಳಿದಳು:
ಅಜ್ಜೀ, ಶಾರ್ಕು?

ಬಾಳೆಕಾಯಿ ಹೆಚ್ಚುತ್ತಿದ್ದೆ. ಚಾಕು ನಿಂತಿತು.

ಈ ಸರೋವರಕ್ಕೆ ಆಚೆ ದಡ ಕಾಣುವುದಿಲ್ಲ ಮಗೂ,
ಸಿಹಿ ಸಮುದ್ರ ಅಂದರು ಮೊದಲು ಬಂದ ಪರದೇಶಿಗಳು.
ಅವರ ಕುದುರೆಗಳು ಅಲೆ ಕಂಡು ಹಿಂಜರಿದು
ಆಮೇಲೆ ಮೂತಿಯಿಟ್ಟು ಹೊಟ್ಟೆ ತುಂಬ ಕುಡಿದವಂತೆ.
ಅಂಥ ನೀರಿನಿಂದ ಸೋದರಮಾವ ತಿಬುರ್ಸಿಯೊ
ಎಳೆದು ಹಾಕಿದ ಶಾರ್ಕಿನ ಹೊಟ್ಟೆ ಬಗೆದಾಗ
ಒಳಗೆ ಅರ್ಧ ಕರಗಿದ ಕೆರೆಯಾಮೆ,
ಯಾರದೋ ರಬ್ಬರ್ ಚಪ್ಪಲಿ, ಎಡಗಾಲಿನದು.

ಸಾನ್ ಕಾರ್ಲೋಸಿನ ದಂಡೆಯಲ್ಲಿ ತಗಡಿನ ಕೊಟ್ಟಿಗೆ.
ಪೆಸಿಫಿಕ್ ಕಡೆಯಿಂದ ಲಾರಿಯಲ್ಲಿ, ಅಲ್ಲಿಂದ ದೋಣಿಯಲ್ಲಿ
ಮೂಟೆ ಮೂಟೆ ಉಪ್ಪು ಬರುತ್ತಿತ್ತು.
ಎಣಿಸಿ ಬರೆಯುವ ಕೆಲಸ ನನ್ನದು,
ಅಕ್ಷರ ಬಲ್ಲವಳು ನಾನೊಬ್ಬಳೇ.
ರೆಕ್ಕೆ ಒಂದು ಕಡೆ, ಮಾಂಸ ಒಂದು ಕಡೆ,
ಪದರದ ಮೇಲೆ ಪದರ ಹರಳುಪ್ಪು.
ಬೆರಳ ಸಂದಿಯ ಗಾಯ ಕ್ರಿಸ್‌ಮಸ್ಸಿಗೂ ಮಾಯುತ್ತಿರಲಿಲ್ಲ.

ಯೋಚಿಸು:
ಕಡಲು ಬಿಟ್ಟು ನಲವತ್ತು ಹರದಾರಿ ಬಂದ ಮೀನು,
ಎದುರು ನೀರಲ್ಲಿ, ಎಲ್ ಕಾಸ್ತಿಯೋದ ಬಂಡೆಗಳ ನಡುವೆ,
ಹೆಜ್ಜೆ ಹೆಜ್ಜೆಗೂ (ಮೀನಿಗೆ ಹೆಜ್ಜೆ ಎಲ್ಲಿ, ಇರಲಿ)
ಮೈಯ ಉಪ್ಪನ್ನು ಉಚ್ಚೆಯಲ್ಲಿ ಚೆಲ್ಲಿಕೊಳ್ಳುತ್ತ,
ಸಪ್ಪೆಯಾಗುವುದನ್ನು ಕಲಿಯುತ್ತ ಬಂದ ಮೀನು.
ಬಂದ ಮೇಲೆ ನಾವು ಅದಕ್ಕೆ
ಬಿಟ್ಟು ಬಂದದ್ದನ್ನೇ ಸವರಿ, ಒಣಗಿಸಿ, ಮೂಟೆ ಕಟ್ಟಿದೆವು.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ.
ನೀರು ಕುಡಿಯ ಬಂದವನಿಗೆ ಉಪ್ಪು ತಿನ್ನಿಸಿದವರ ಬಗ್ಗೆ
ಗಾದೆ ಏನೂ ಇಲ್ಲ.

ಓದಿದವರು ವಾದಿಸುತ್ತಿದ್ದ ಕಾಲ ಅದು:
ಇದು ಬೇರೆಯೇ ಜಾತಿ, ಬೆಂಕಿಬೆಟ್ಟ ಎದ್ದು
ಕಡಲ ಬಾಗಿಲು ಮುಚ್ಚಿದಾಗ ಒಳಗುಳಿದದ್ದು.
ಅಲ್ಲ, ಬರುತ್ತದೆ, ಹೋಗುತ್ತದೆ.
ತಿಳಿಯಲೆಂದು ಹೊಳೆಯ ಬಾಯಲ್ಲಿ ಯಾರೋ
ಶಾರ್ಕುಗಳ ಬೆನ್ನರೆಕ್ಕೆಗೆ ಬಿಲ್ಲೆ ಚುಚ್ಚಿ ಬಿಟ್ಟಿದ್ದರು.
ಅಂಥದೊಂದು ನನ್ನ ಉಪ್ಪಿನ ರಾಶಿಯಲ್ಲಿ ಸಿಕ್ಕಿತು.
ಹಳದಿ, ಅಂಗಿಗುಂಡಿಯಷ್ಟು, ಮುಂದೆ ನಂಬರು,
ಹಿಂದೆ ಸಣ್ಣಕ್ಷರ: ಮರಳಿಸಿದವರಿಗೆ ಇನಾಮು.

ಮರಳಿಸಲಿಲ್ಲ. ಹದಿನಾಲ್ಕು ವರ್ಷ ನನಗೆ,
ಹಳದಿ ನಿನಗೆ ಒಪ್ಪುತ್ತದೆ ಎಂದು ಒಬ್ಬ ಅಂದಿದ್ದ.
ತಂತಿ ಸುತ್ತಿ ಓಲೆ ಮಾಡಿಕೊಂಡೆ, ಒಂದೇ ಕಿವಿಗೆ.
ಓದಿದವರು ಕಾಯುತ್ತಿದ್ದ ಉತ್ತರ
ಎರಡು ವರ್ಷ ನನ್ನ ಕಿವಿಯಲ್ಲಿ ತೂಗಿತು,
ಕುಣಿತಕ್ಕೆ ಹೋಯಿತು, ಇಗರ್ಜಿಗೆ ಹೋಯಿತು,
ಕಡೆಗೊಂದು ಸಂಜೆ ಈಜುವಾಗ ಕಳಚಿ
ಈ ನೀರಲ್ಲೇ ಬಿತ್ತು.

ಬೇರೆ ಬಿಲ್ಲೆಗಳು ತಲುಪಿರಬೇಕು, ತೀರ್ಮಾನವಾಯಿತಂತೆ:
ಅದೇ ಮೀನು, ಇಲ್ಲೂ ಅಲ್ಲೂ.
ಅಷ್ಟರಲ್ಲಿ ಬಲೆಗೆ ಬರುವುದೇ ನಿಂತಿತ್ತು.
ಕೊಟ್ಟಿಗೆ ಬಿದ್ದು ಎಷ್ಟೋ ವರ್ಷ,
ಆ ಜಾಗದಲ್ಲಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ.
ಪಕ್ಕದ ಮನೆಯ ಹಸುಗಳು ಬಂದು
ಬರಿ ನೆಲ ನೆಕ್ಕುತ್ತವೆ.

ಅಜ್ಜೀ, ಎಡಕ್ಕೋ ಬಲಕ್ಕೋ? ಬೆಳಿಗ್ಗೆ ಕೊಡಬೇಕು.
ಗೆರೆಯ ಮೇಲೆ ಬರಿ, ಅಂದೆ.
ಗೆರೆಯ ಮೇಲೆ ಬರೆದರೆ ಟೀಚರು ತಪ್ಪು ಹಾಕುತ್ತಾರೆ.
ಎಡಕ್ಕೇ ಬರೆದುಕೊಂಡಳು, ಪುಸ್ತಕ ಮುಚ್ಚಿದಳು.

ಬಾಳೆಕಾಯಿಗೆ ಉಪ್ಪು ಹಾಕಿದೆನೋ ಇಲ್ಲವೋ
ನೆನಪಾಗಲಿಲ್ಲ.
ಇನ್ನೊಂದು ಚಿಟಿಕೆ ಹಾಕಿದೆ.